ಹನಗೋಡಿಗೆ ಬಂದ ಶಾರ್ಕು

ಇಡೀ ಹನಗೋಡಿನಲ್ಲಿ ಶಾರ್ಕ್ ಮೀನಿನ ದಾಳಿಗೆ ಸದಾ ಸನ್ನದ್ಧರಾಗಿರುವವರು ಒಬ್ಬರೇ. ನಮ್ಮ ಸೋದರಮಾವ! ಸಮುದ್ರ ಘಟ್ಟದ ಆಚೆ ಇದೆ, ಅದನ್ನು ಅವರು ಒಮ್ಮೆಯೂ ಕಂಡಿಲ್ಲ ಎಂಬುದೆಲ್ಲ ಸಣ್ಣ ವಿಷಯ. ಶಾರ್ಕ್ ಎದುರಾದರೆ ಮೂಗಿಗೆ ಗುದ್ದಬೇಕೆಂದು ಟಿವಿಯಲ್ಲಿ ಹೇಳಿದ್ದಾರೆ. ಅಂದಿನಿಂದ ಲಕ್ಷ್ಮಣತೀರ್ಥದಲ್ಲಿ ಎಮ್ಮೆ ತೊಳೆಯುವಾಗಲೂ ಮಾವನ ಬಲಮುಷ್ಟಿ ಬಿಗಿಯಾಗಿಯೇ ಇರುತ್ತದೆ. ಎಮ್ಮೆಗೆ ಮಾತ್ರ ಯಾಕೋ ಅನುಮಾನ.

ಸಂಜೆ ಡೈರಿಗೆ ಹಾಲು ಹಾಕಿ ಬಂದರೆಂದರೆ ಕನ್ನಡಕ್ಕೆ ಡಬ್ ಆದ ಪ್ರಾಣಿಗಳ ಚಾನೆಲ್. ಮೊದಲು 'ಡುಂ... ಡುಂ...' ಸಂಗೀತ. ಆಮೇಲೆ ಗಡಸು ದನಿಯೊಂದು, "ಸಾಗರದ ಯಮ! ಕರುಣೆಯೇ ಇಲ್ಲದವ!" ಎಂದು ಗರ್ಜಿಸುತ್ತದೆ. ಸರಿಯಾಗಿ ಬಾಯಿ ತೆರೆಯುವ ಹೊತ್ತಿಗೆ ಜಾಹೀರಾತು! ಕಚ್ಚಿತೋ ಇಲ್ಲವೋ ತಿಳಿಯುವವರೆಗೆ ಮುದ್ದೆ ಹಿಡಿದ ಕೈ ಗಾಳಿಯಲ್ಲೇ.

"ಬೇಗ ಉಣ್ರೀ, ಸಾರು ಆರೋಯ್ತದೆ" ಎನ್ನುತ್ತಾರೆ ಅತ್ತೆ.

"ಸುಮ್ಕಿರೇ, ಅಲ್ಲೊಬ್ಬನ ಕಾಲೇ ಓಯ್ತಾ ಅದೆ!"

ಇಷ್ಟೆಲ್ಲ ನಂಬುವ ಮಾವ, ಅದೇ ಚಾನೆಲ್‌ನಲ್ಲಿ ಆನೆ ಬಂದರೆ ಬೇರೆಯೇ ಮನುಷ್ಯ. "ಕೊಲೆಗಡುಕ ದೈತ್ಯ!" ಎಂದು ಟಿವಿ ಕೂಗಿದರೆ ಟಿವಿಗೇ ಬೈಗುಳ: "ಥೂ ಸುಳ್ಳ! ಆನೆ ಸುಮ್‌ಸುಮ್ನೆ ಮೇಲೆ ಬೀಳಾಕಿಲ್ಲ ಕಣ್ಲಾ!" ಅವರ ಹೊಲ ಇರುವುದು ಕಾಡಿನಂಚಿನಲ್ಲಿ. ಆನೆ ಬಂದರೆ ದೂರದಲ್ಲಿ ನಿಂತು, ಹೆಗಲ ಟವೆಲ್ ಇಳಿಸಿ, "ಹೊಟ್ಟೆ ತುಂಬ್ತಲ್ಲ ಸ್ವಾಮಿ? ಮಕ್ಳಿರೋ ಮನೆ, ಹೊಂಟ್ಬುಡಪ್ಪ" ಎಂದು ನೆಂಟರನ್ನು ಕಳಿಸಿದಂತೆ ಮಾತಾಡುತ್ತಾರೆ. ಒಮ್ಮೊಮ್ಮೆ ಅದು ಹೊರಡುತ್ತದೆ. ಹೊರಡದ ದಿನ ಮಾವನೇ ಹೊರಡುತ್ತಾರೆ, ಓಡಿಕೊಂಡು!

ಈ ತಮಾಷೆಗೆ ಕಲ್ಲು ಬಿದ್ದದ್ದು ಅವರ ಮಗಳು ಪವಿತ್ರಳಿಗೆ ಕರಾವಳಿಯ ಕಾಲೇಜೊಂದರಲ್ಲಿ ಮೀನುಗಾರಿಕೆ ಓದಲು ಸೀಟು ಸಿಕ್ಕಾಗ. ಸೋಮವಾರದೊಳಗೆ ಸೇರಬೇಕು.

"ಬ್ಯಾಡ. ಅಲ್ಲಿ ಸಮುದ್ರ ಅದೆ" ಎಂದರು ಮಾವ.

"ಮೀನಿನ ಓದು ಇನ್ನೆಲ್ಲಿರ್ತದಪ್ಪ, ನಮ್ ಕೊಟ್ಟಿಗೇಲಾ?"

"ಬಾಯ್ ಮುಚ್ಚು. ಸಾರ್ಕು ಕಾಲು ತಿಂದಾಕ್ತದೆ!"

ಪವಿತ್ರ ಊಟ ಬಿಟ್ಟಳು. ನನಗೆ ಫೋನ್ ಮಾಡಿದಳು: "ಊರೋರ್ನೆಲ್ಲ ಅಣಕಿಸ್ಕೊಂಡು ತಿರುಗ್ತೀಯಲ್ಲ ಭಾವ, ಒಂದ್ಸಲನಾದ್ರೂ ಉಪಯೋಗಕ್ಕೆ ಬಾ." ನಾನು ಮದುವೆಮನೆಗಳಲ್ಲಿ ಮಿಮಿಕ್ರಿ ಮಾಡುವವನು. ನನ್ನ ಸ್ವಂತ ದನಿ ಯಾವುದೆಂದು ನಮ್ಮಮ್ಮನಿಗೇ ಮರೆತುಹೋಗಿದೆ.

ಶನಿವಾರ ಸಂಜೆ ಮಾವನ ಮನೆಗೆ ಹೋದೆ. ಶಾರ್ಕ್ ಬರುತ್ತಿದ್ದಂತೆ ಟಿವಿಯ ದನಿ ಬಂದ್ ಮಾಡಿದೆ. ಡುಂ ಇಲ್ಲ, ಯಮ ಇಲ್ಲ. ಪಾಪ, ಒಂದು ಮೀನು ತನ್ನ ಪಾಡಿಗೆ ಈಜಿಕೊಂಡು ಹೋಯಿತು. ಆಮೇಲೆ ಅಂಗಳದ ಎಮ್ಮೆಯತ್ತ ಕೈ ತೋರಿಸಿ, 'ಡುಂ... ಡುಂ...' ಶುರು ಮಾಡಿ, ಅದೇ ಗಡಸು ದನಿ ತೆಗೆದೆ: "ಹನಗೋಡಿನ ಕರಿ ಯಮ! ಇವಳ ದವಡೆಗೆ ಸಿಕ್ಕ ಹುಲ್ಲು ಬದುಕಿ ಬಂದದ್ದೇ ಇಲ್ಲ!" ದಿನಾ ಅದರ ಹಾಲು ಕರೆಯುವ ಅತ್ತೆ, ಚೊಂಬು ಹಿಡಿದು ಹಿಂದೆ ಸರಿದರು!

ಪವಿತ್ರ ನಕ್ಕಳು. ಮಾವ ಮಾತ್ರ ನಗಲಿಲ್ಲ. "ಲೇ, ಆ ದನಿ ಸಾರ್ಕಿಂದೋ, ಆನೇದೋ?"

"ಎರಡಕ್ಕೂ ಮಾತಾಡೋನು ಒಬ್ಬನೇ ಮಾವ."

"ಅಂದ್ರೆ, ಆನೆ ವಿಚಾರದಲ್ಲಿ ಸುಳ್ಳು ಬುಟ್ಟೋನೇ...?"

"ಅವನೇ."

ಮಾವ ಎದ್ದು ಟಿವಿ ಆರಿಸಿದರು. "ಆನೆ ನಂಗೊತ್ತು, ಅದ್ಕೇ ಅವನ್ನ ನಂಬ್ನಿಲ್ಲ. ಸಾರ್ಕು ಗೊತ್ತಿರೋರು ನಮ್ ಮನೇಲಿ ಯಾರವ್ರೆ?"

"ಓದ್ಕೊಂಡು ಬಂದ್ಮೇಲೆ ನಾನಿರ್ತೀನಲ್ಲಪ್ಪ" ಎಂದಳು ಪವಿತ್ರ.

ಭಾನುವಾರ ಬೆಳಿಗ್ಗೆ ಹುಣಸೂರಿನಲ್ಲಿ ಮಾವ, ಪವಿತ್ರ, ನಾನು ಮೂವರೂ ಬಸ್ ಹತ್ತಿದೆವು. ಪಿರಿಯಾಪಟ್ಟಣ ದಾಟಿದರೂ ಮಾವನ ಮುಷ್ಟಿ ಸಡಿಲವಾಗಲಿಲ್ಲ. ಸಂಜೆ ಸಮುದ್ರ ಕಂಡದ್ದೇ ಪಂಚೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗೆ ಇಳಿದೇಬಿಟ್ಟರು! ಈಗ ಗುದ್ದುತ್ತಾರೆ ಎಂದು ನಾನು ವಿಡಿಯೊ ಮಾಡಲು ಮೊಬೈಲ್ ತೆಗೆದೆ.

ಮಾವ ಮುಷ್ಟಿ ಬಿಚ್ಚಿದರು. ಹೆಗಲ ಟವೆಲ್ ಇಳಿಸಿದರು.

"ಸ್ವಾಮಿ, ನಮ್ ಮಗೀನ ನಿಮ್ ವಿಚಾರ ಓದಕ್ಕೆ ಬುಟ್ಟೋಯ್ತಾ ಇವ್ನಿ. ನೆಂಟ್ರ ಮನೆ ಕೂಸು ಅನ್ಕೊಂಡು ನೋಡ್ಕಳ್ರಪ್ಪ."

ನಾನು ಮೊಬೈಲ್ ಜೇಬಿಗಿಟ್ಟೆ. ಇಳಿಸಲು ನನ್ನ ಹೆಗಲ ಮೇಲೆ ಟವೆಲ್ ಇರಲಿಲ್ಲ. ಚಪ್ಪಲಿ ಬಿಟ್ಟು ನಿಂತೆ.