ಪ್ಯಾರಿಸ್ಸಿಗೂ ಲಿಯಾನಿಗೂ ನಡುವೆ ನಮ್ಮ ಮಾಮಾ

ಇಳಕಲ್ಲಿನ ಓಣಿಯಲ್ಲಿ ಕುಳಿತುಕೊಂಡೇ ಫ್ರಾನ್ಸ್ ದೇಶದ ಎರಡು ಶಹರಗಳನ್ನು ಎರಡು ತಿಂಗಳು ಬಾಗಿಲಲ್ಲಿ ನಿಲ್ಲಿಸಿದ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಆತ ನನ್ನ ತಾಯಿಯ ತಮ್ಮ, ಸೀರೆ ನೇಯುವವ. ನಾನು ಐದನೆಯ ಇಯತ್ತೆಗೆ ಸಾಲಿ ಬಿಟ್ಟು ಕಲ್ಲಿನ ಲಾರಿ ಹತ್ತಿದವನು. ನನ್ನ ಬೆವರಿನ ರೊಟ್ಟಿ ತಿಂದವನು, ಕಂಡಕಂಡವರಿಗೆ ಕೈ ಮುಗಿಯುವವನಲ್ಲ. ಆದರೆ ಈ ಮಾಮಾನನ್ನು ನೆನೆದರೆ ಕೈ ತಾನಾಗಿ ಮೇಲೇಳುತ್ತದೆ.

ಊರಿಗೆ ಟಿ.ವಿ. ಬರುವ ಮೊದಲಿನ ಮಾತು. ಬಾದಾಮಿಯ ಗುಹೆ ನೋಡಲು ಬಂದಿದ್ದ ಫ್ರಾನ್ಸಿನ ಗಂಡ ಹೆಂಡತಿ ಇಳಕಲ್ಲಿಗೂ ಬಂದು, ಮಾಮಾನ ಮಗ್ಗದ ಮುಂದೆ ಮೂರು ದಿನ ಕುಳಿತರು. ಅವರು ಬೆರಗಾದದ್ದು ಸೆರಗಿಗೆ. ನಮ್ಮ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದನೆಯ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಮಾಮಾ ಒಡಲಿನ ಎಳೆ ಹಿಡಿದರೆ ಅತ್ತೆ ಸೆರಗಿನ ಎಳೆ ಹಿಡಿಯುತ್ತಿದ್ದಳು. ಮದುವೆಯಾದಾಗಿನಿಂದ ಹೀಗೇ. ಅತ್ತೆ ತವರಿಗೆ ಹೋದರೆ ಮಗ್ಗವೇ ಸುಮ್ಮನೆ ಕೂರುತ್ತಿತ್ತು, ಬೇರೆಯವರಿಗೆ ಮಾಮಾ ಅದನ್ನು ಮುಟ್ಟಗೊಡುತ್ತಿರಲಿಲ್ಲ. ಆ ತವರೂ ಎಷ್ಟು ದೂರ? ಹುನಗುಂದ. ಅದರಾಚೆ ಅತ್ತೆ ಯಾವ ಊರನ್ನೂ ಕಂಡವಳಲ್ಲ.

ಕೆಲ ದಿನಗಳ ಮೇಲೆ ಫ್ರಾನ್ಸಿನಿಂದ ಇಂಗ್ಲಿಷಿನಲ್ಲಿ ಪತ್ರ ಬಂತು. ಮಾಮಾ ಅದನ್ನು ಅಂಗಿಯ ಒಳಕಿಸೆಯಲ್ಲಿಟ್ಟುಕೊಂಡು ಬಾಗಲಕೋಟೆಯ ಬಸ್ಸು ಹತ್ತಿದ. ಅಲ್ಲಿ ವಿದ್ಯಾಗಿರಿ ಬಡಾವಣೆಯ ಒಬ್ಬ ಪ್ರೊಫೆಸರರಿಂದ ಓದಿಸಿಕೊಂಡು ಬಂದು ವಿಷಯ ಹೇಳಿದ: ಅವರಿಗೆ ಮುಂದೊಂದು ಹಬ್ಬಕ್ಕೆ ಶನಿವಾರದಿಂದ ಸೋಮವಾರದವರೆಗೆ ರಜೆ ಇದೆ, ವಿಮಾನದ ಟಿಕೀಟು ಕಳಿಸುತ್ತಾರೆ, ಬಂದು ಇರಬೇಕು. ಗಂಡನ ಊರು ಪ್ಯಾರಿಸ್, ಹೆಂಡತಿಯ ತವರು ಲಿಯಾನ್. ಮೂರೇ ದಿನ ಇರುವುದರಿಂದ ಒಂದು ಊರು ಆರಿಸಬೇಕು. ಎರಡು ತಿಂಗಳೊಳಗೆ ತಿಳಿಸದಿದ್ದರೆ ಆ ಟಿಕೀಟು ಬೇರೊಬ್ಬ ನೇಕಾರನ ಪಾಲು.

ಬೇರೆ ಯಾರೇ ಆಗಿದ್ದರೂ ಅಂದೇ ಒಂದು ಹೆಸರು ಬರೆದು ಹಾಕುತ್ತಿದ್ದರು. ನಮ್ಮ ಮಾಮಾ ಸಾಲಿ ಮಾಸ್ತರರಿಂದ ಜಗತ್ತಿನ ನಕಾಶೆ ತಂದ. ಅದರಲ್ಲಿ ಇಳಕಲ್ ಇರಲಿಲ್ಲ. ಅರಿಷಿಣದ ಬೊಟ್ಟಿಟ್ಟು ತಾನೇ ಊರು ಮಾಡಿದ! ಅಲ್ಲಿಂದ ರೇಷ್ಮೆ ಎಳೆ ಹಿಡಿದು ಎರಡೂ ಕಡೆ ಅಳೆದ.

“ಲಿಯಾನ್ ಒಂದು ಜ್ವಾಳದ ಕಾಳಿನಷ್ಟು ಸಮೀಪ ಐತಿ” ಅಂದ.

“ಹಂಗಾರ ಅದನ್ನ ಬರಸ್ರಿ” ಅಂದಳು ಅತ್ತೆ.

“ಒಂದು ಕಾಳಿನ ಸಲುವಾಗಿ ಪ್ಯಾರಿಸ್ಸಿನವರ ಮನಸ ಮುರೀಲೇನ?”

ಚಹಾದಂಗಡಿಯಲ್ಲಿ ಊರು ಎರಡು ಪಾರ್ಟಿಯಾಯಿತು. ಪ್ಯಾರಿಸ್ಸಿನಲ್ಲಿ ಆಕಾಶಕ್ಕೆ ಮುಟ್ಟುವ ಕಬ್ಬಿಣದ ಗೋಪುರವಿದೆ ಎಂದು ಒಬ್ಬ ಹೇಳಿದರೆ, “ಕಬ್ಬಿಣ ನೋಡಾಕ ಹುಬ್ಬಳ್ಳಿ ಠೇಸನ್ ಸಾಕು ಬಿಡಲೇ” ಎಂದ ಮಾಮಾ. ಲಿಯಾನಿನಲ್ಲಿ ಮನೆ ಮನೆಯಲ್ಲೂ ರೇಷ್ಮೆ ನೇಯುತ್ತಿದ್ದರಂತೆ ಎಂದು ಇನ್ನೊಬ್ಬ ಹೇಳಿದರೆ, “ರಜಾದಾಗೂ ಮಗ್ಗಾನ ನೋಡಲೇನ?” ಎಂದ. ಗೆದ್ದ ಪಾರ್ಟಿಯನ್ನು ಮರುದಿನ ಸೋಲಿಸುವುದೇ ಆತನ ಕೆಲಸವಾಯಿತು.

ಕೊನೆಗೆ ನನ್ನ ಲಾರಿ ಹತ್ತಿ ಬಾದಾಮಿಗೆ ಬಂದ. ಗುಹೆಯ ಮೆಟ್ಟಿಲಲ್ಲಿ ಫ್ರಾನ್ಸಿನವನೊಬ್ಬನನ್ನು ಹಿಡಿದು, ಗೈಡನ ಬಾಯಿಂದ ಕೇಳಿಸಿದ: “ಎರಡರಾಗ ಯಾವ ಊರಾಗ ರೊಟ್ಟಿ ಕಡಕ್ ಇರ್ತಾವ?”

ಎರಡೂ ಕಡೆ ಕಡಕ್ ಎಂದು ಉತ್ತರ ಬಂತು. ನಮ್ಮ ಸಮಸ್ಯೆ ಇದ್ದಲ್ಲೇ ಉಳಿಯಿತು.

ಮನೆಯಲ್ಲಿ ಅತ್ತೆ ದಿನಾ ಕೇಳುತ್ತಿದ್ದಳು, “ಊರು ಯಾವುದರ ಇರಲಿ, ಹೋಗೂದು ಯಾವಾಗ ಹೇಳ್ರಿ. ನಾ ಶೇಂಗಾ ಚಟ್ನಿ ಕುಟ್ಟಬೇಕು.” ಅವಳ ಹೊಸ ಸೀರೆ ಟ್ರಂಕಿನಿಂದ ಆಗಲೇ ಹೊರಬಂದಿತ್ತು.

ಎರಡು ತಿಂಗಳು ಮುಗಿದವು. ಮಾಮಾ ಮತ್ತೆ ಬಾಗಲಕೋಟೆಗೆ ಹೋಗಿ ಬಂದ. ಚಪ್ಪಲಿ ಕಳಚುತ್ತ, “ಯಾವ ಊರೂ ಮನಸಿಗೆ ಬರಲಿಲ್ಲ. ಒಲ್ಲೆ ಅಂತ ಬರಿಸಿ ಬಂದೆ” ಎಂದ.

“ಎರಡು ಊರಾಗ ಒಂದನ್ನ ಆರಿಸಾಕ ಆಗದಾಂವಗ ನನ್ನ ಕಟ್ಟಿದ್ರಲ್ಲ ನಮ್ಮಪ್ಪ” ಅಂದಳು ಅತ್ತೆ. ಸೀರೆ ಟ್ರಂಕಿಗೆ ಮರಳಿತು. ಊರು ಮಾಮಾನನ್ನು ಮೂರ್ಖ ಎಂದಿತು. ನಾನೂ ಅಂದೆ, ಸುಳ್ಳೇಕೆ ಹೇಳಲಿ?

ಮುಂದೊಂದು ದಿನ ವಿದ್ಯಾಗಿರಿಯಲ್ಲಿ ಅದೇ ಪ್ರೊಫೆಸರರ ಹೊಸ ಮನೆಗೆ ನೆಲಗಲ್ಲು ಇಳಿಸುತ್ತಿದ್ದೆ. ಮಾತಿಗೆ ಮಾತು ಬಂದು, “ನಮ್ಮ ಮಾಮಾಗ ಒಂದು ಊರು ಆರಿಸಾಕ ಆಗಲಿಲ್ಲ ನೋಡ್ರಿ ಸರ್” ಎಂದೆ.

ಅವರು ನನ್ನನ್ನೇ ನೋಡಿದರು. “ಊರಿನ ಮಾತಲ್ಲಪಾ ಅದು. ಟಿಕೀಟು ಒಬ್ಬರಿಗೆ ಮಾತ್ರ ಇತ್ತು. ‘ನನ್ನ ಹೆಂಡ್ತಿಗೂ ಕೊಡ್ರಿ, ಊರು ಯಾವುದಾದ್ರೂ ನಡದೀತು’ ಅಂತ ಮೊದಲ ದಿನಾನ ನನ್ನ ಕಡಿಂದ ಬರಿಸಿದ್ದ. ಆಗೂದಿಲ್ಲ ಅಂತ ಉತ್ತರ ಬರಾಕ ಎರಡು ತಿಂಗಳಾತು. ‘ಒಬ್ಬಾಂವ ಹೋಗಿ ಅರ್ಧಾ ನೋಡಿ ಬರಲೇನ್ರಿ’ ಅಂದ. ನಿಮ್ಮ ಅತ್ತೆಗೆ ಹೇಳಬಾರದು ಅಂತ ಆಣಿ ಹಾಕಿಸ್ಯಾನ. ನೀನೂ ಹೇಳಬ್ಯಾಡ.”

ಕಲ್ಲು ಹೊತ್ತುಕೊಂಡು ಹಾಗೇ ನಿಂತೆ. ಎರಡು ತಿಂಗಳು ಊರೆಲ್ಲ ನಗುತ್ತಿದ್ದರೆ, ಈ ಮನುಷ್ಯ ಆ ನಗೆಯ ಮರೆಯಲ್ಲಿ ಕುಳಿತು ಎರಡನೆಯ ಟಿಕೀಟಿಗೆ ಕಾಯುತ್ತಿದ್ದ.

ಮುಂದಿನ ಅಮಾವಾಸ್ಯೆಗೆ ಮಗ್ಗಕ್ಕೆ ರಜೆ. ಮಾಮಾ ಅದಕ್ಕೆ ಇನ್ನೆರಡು ದಿನ ಸೇರಿಸಿದ. ನಾನೇ ಲಾರಿಯಲ್ಲಿ ಇಬ್ಬರನ್ನೂ ಬಾದಾಮಿಗೆ ಕರೆದೊಯ್ದು ಬಿಟ್ಟೆ. ಅತ್ತೆ ಆ ಹೊಸ ಸೀರೆ ಉಟ್ಟಿದ್ದಳು. ಗುಹೆಗಳ ಕೆಳಗಿನ ಕೆರೆಯ ಮೆಟ್ಟಿಲ ಮೇಲೆ ನಿಂತು ಮಾಮಾ ಕೈ ತೋರಿಸಿದ, “ಈ ದಂಡಿ ಪ್ಯಾರಿಸ್, ಆ ದಂಡಿ ಲಿಯಾನ್. ಈ ಸಲ ನೀನ ಆರಿಸು.”

ಮೂರನೆಯ ದಿನ ಕರೆತರಲು ಹೋದೆ. ಇಬ್ಬರೂ ಆಚೆ ದಂಡೆಯ ಕಲ್ಲಿನ ಮೇಲೆ ಕುಳಿತು, ನೀರಿಗೆ ಕಾಲು ಇಳಿಬಿಟ್ಟು, ರೊಟ್ಟಿ ಚಟ್ನಿ ತಿನ್ನುತ್ತಿದ್ದರು. ನನ್ನನ್ನು ಕಂಡು ಅತ್ತೆ ಅಲ್ಲಿಂದಲೇ ಕೂಗಿದಳು:

“ನಾಳೆ ಬಾರೋ ತಮ್ಮಾ. ನಮ್ಮದಿನ್ನೂ ಲಿಯಾನ್ ಮುಗದಿಲ್ಲ.”