ವ್ಯಾನ್ ಬಂತು, ಬೂಟು ಎಲ್ಲಿ?

ಶಾಲೆಗೆ ಹೋಗುವ ಮಕ್ಕಳಿರುವ ಮನೆಗೆ ನಗಲು ಬೇರೆ ಹೊತ್ತು ಬೇಕಿಲ್ಲ, ಬೆಳಗಿನ ಒಂದು ತಾಸು ಸಾಕು. ಒಮಾನ್ ದೇಶದ ಸೊಹಾರಿನ ನಮ್ಮ ಮನೆಗೆ ಆ ತಾಸು ಭಾನುವಾರದಿಂದ ಗುರುವಾರದವರೆಗೆ ತಪ್ಪದೆ ಬರುತ್ತದೆ. ನಾನು ಮಾತು ಕಡಿಮೆಯ ಮನುಷ್ಯ. ಆದರೂ ಈ ವರ್ಷ ನಡೆದದ್ದನ್ನು ಹೇಳದೆ ಇರಲು ನನ್ನಿಂದಲೂ ಆಗುತ್ತಿಲ್ಲ!

ಮೊದಲು ಆಪತ್ತಿನ ವಿಷಯ. ಮಗ ಆರನೇ ತರಗತಿ, ಮಗಳು ಎರಡನೇ ತರಗತಿ. ಅವರನ್ನು ಒಯ್ಯುವ ವ್ಯಾನಿನ ಡ್ರೈವರ್ ಪೇಶಾವರದ ಕಡೆಯವರು, ಎಲ್ಲರಿಗೂ ಚಾಚಾ. ದಿನವೂ ನಮ್ಮ ಗೇಟಿನ ಮುಂದೆ ಕಾದು ಕಾದು ಬೇಸತ್ತು, ಒಂದು ದಿನ ಹಿಂದಿಯಲ್ಲಿ ಹೇಳಿಯೇಬಿಟ್ಟರು: "ಸಾಹೇಬ್ರೇ, ನಿಮ್ಮ ಮಕ್ಕಳು ಒಳ್ಳೆಯವರೇ. ಆದರೆ ಅವರಿಂದ ಇಡೀ ವ್ಯಾನು ಲೇಟು. ಇನ್ನು ಮೂರು ಸಲ ನೋಡ್ತೀನಿ. ಆಮೇಲೆ ಖಲಾಸ್."

ಖಲಾಸ್ ಎಂದರೆ ಖಲಾಸ್. ಬೇರೆ ವ್ಯಾನುಗಳೆಲ್ಲ ಭರ್ತಿ. ನನ್ನ ಕಂಪನಿ ಬಸ್ಸು ಬರುವುದೂ ಅದೇ ಹೊತ್ತಿಗೆ, ಹೋಗುವುದು ಶಾಲೆಯ ವಿರುದ್ಧ ದಿಕ್ಕಿಗೆ. ಮನೆಯಲ್ಲಿ ಕಾರಿದೆ, ಹೆಂಡತಿಗೆ ಲೈಸೆನ್ಸ್ ಇಲ್ಲ. ಇಲ್ಲಿನ ಪರೀಕ್ಷೆಯಲ್ಲಿ ಡ್ರಮ್ಮುಗಳ ನಡುವೆ ಗಾಡಿಯನ್ನು ಹಿಂದಕ್ಕೆ ಒಯ್ಯಬೇಕು. ಆಕೆ ಒಯ್ದಿದ್ದಳು, ಡ್ರಮ್ಮಿನ ಸಮೇತ.

ಆದ್ದರಿಂದ ನಮ್ಮ ಬೆಳಗು ಶಾಂತವಾಗಲೇಬೇಕಿತ್ತು.

ಇವತ್ತಿನ ಅಪಾಯಗಳು

ನಾನು ಬಂದರಿನ ಹತ್ತಿರದ ಒಂದು ಕಾರ್ಖಾನೆಯಲ್ಲಿ ಸುರಕ್ಷತಾ ವಿಭಾಗದವನು. ಅಲ್ಲಿ ದಿನದ ಕೆಲಸಕ್ಕೆ ಮೊದಲು ಎಲ್ಲರನ್ನೂ ಸುತ್ತ ನಿಲ್ಲಿಸಿ ಇವತ್ತಿನ ಅಪಾಯಗಳೇನು, ಯಾರ ಕೆಲಸ ಯಾವುದು ಎಂದು ಮಾತಾಡುತ್ತೇವೆ. ನೂರಾರು ಜನರ ಕಾರ್ಖಾನೆ ಹಾಗೆ ನಡೆಯುವುದಾದರೆ ನಾಲ್ಕು ಜನರ ಮನೆ ಯಾಕೆ ನಡೆಯಬಾರದು? ಮರುದಿನವೇ ಎಲ್ಲರನ್ನೂ ಅಡುಗೆಮನೆಯಲ್ಲಿ ಸುತ್ತ ನಿಲ್ಲಿಸಿದೆ.

"ಇದೇನ್ರಿ, ಸಾಲಿ ಪ್ರಾರ್ಥನಾ ಮನ್ಯಾಗ ಹಚ್ಚೀರಿ?" ಎಂದಳು ಹೆಂಡತಿ.

"ಸ್ವಲ್ಪ ತಡಿ. ಇವತ್ತಿನ ಅಪಾಯ ಯಾವುವು, ಎಲ್ಲಾರೂ ಹೇಳ್ರಿ."

"ಮ್ಯಾಥ್ಸ್ ಟೆಸ್ಟ್," ಎಂದ ಮಗ.

"ಹಂಚಿನ ಮ್ಯಾಲ ರೊಟ್ಟಿ ಐತಿ, ನೀವು ಅಡ್ಡ ನಿಂತೀರಿ," ಎಂದಳು ಹೆಂಡತಿ.

ನಾನು ಬೂಟುಗಳ ವಿಷಯಕ್ಕೆ ಬಂದೆ. ಒಂದು ಬೂಟು ಬಾಗಿಲ ಹತ್ತಿರ, ಇನ್ನೊಂದು ಸೋಫಾದ ಕೆಳಗೆ ಇರುವುದಕ್ಕೆ ಮೂಲ ಕಾರಣವೇನು, ಅದು ಮರುಕಳಿಸದಂತೆ ಏನು ಮಾಡಬೇಕು ಎಂದು ವಿವರಿಸತೊಡಗಿದೆ. ಕಾರ್ಖಾನೆಯಲ್ಲಿ ಇಷ್ಟು ಚೆನ್ನಾಗಿ ನಾನು ಎಂದೂ ಮಾತಾಡಿದ್ದಿಲ್ಲ. ನಡುವೆ ಮಗಳು ಕೈ ಎತ್ತಿದಳು.

"ಅಪ್ಪಾ, ಒನ್ ಮೋರ್ ಹಜಾರ್ಡ್."

"ಶಭಾಷ್! ಹೇಳವ್ವಾ."

"ಚಾಚಾ ಹಾರ್ನ್ ಹೊಡೀಲಿಕ್ಕೆ ಹತ್ತ್ಯಾರ. ಫ್ರಮ್ ಲಾಂಗ್ ಟೈಮ್."

ಕಿಟಕಿಯಿಂದ ಬಗ್ಗಿ ನೋಡಿದೆ. ಕೆಳಗೆ ಚಾಚಾ ವ್ಯಾನಿನಿಂದ ಕೈ ಹೊರಗೆ ಹಾಕಿ ನನಗೊಂದು ಬೆರಳು ತೋರಿಸಿದರು: ಮೂರರಲ್ಲಿ ಒಂದಾಯಿತು. ಅಪಾಯಗಳಲ್ಲಿ ನನ್ನ ಹೆಸರೇ ಮೊದಲನೆಯದು ಎಂದು ಹೆಂಡತಿ ಸಂಜೆ ಚಹಾ ಕೊಡುತ್ತಾ ತಿಳಿಸಿದಳು.

ಮೇಲಿನ ಮನೆಯ ಮೌನ

ನಮ್ಮ ಮೇಲಿನ ಮನೆಯಲ್ಲಿ ಮೈಸೂರಿನ ಒಂದು ಸಂಸಾರವಿದೆ. ಅವರಿಗೂ ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಬೆಳಿಗ್ಗೆ ಅಲ್ಲಿಂದ ಒಂದು ಚಮಚ ಬಿದ್ದ ಸದ್ದೂ ಇಲ್ಲ.

"ನೋಡ್ರಿ, ಅವರೂ ಮಂದೀನ, ನಾವೂ ಮಂದೀನ," ಎಂದು ಹೆಂಡತಿ ದಿನಾ ಸೂರಿನ ಕಡೆ ಬೆರಳು ಮಾಡುವಳು.

ಕೊನೆಗೆ ಮೆಟ್ಟಿಲಲ್ಲಿ ಸಿಕ್ಕಾಗ ಆ ಮನೆಯ ಯಜಮಾನರನ್ನೇ ಕೇಳಿದೆ.

"ಅಂಥಾದ್ದೇನಿಲ್ಲ ಸಾರ್," ಎಂದರು ನಗುತ್ತಾ. "ಮಕ್ಕಳ ಹತ್ರ ಮೆತ್ತಗೆ ಮಾತಾಡ್ಬೇಕು, ಅಷ್ಟೆ. ಮನೆ ಒಳಗೆ ಯಾರೂ ದನಿ ಏರಿಸೋ ಹಾಗಿಲ್ಲ ಅಂತ ನಮ್ಮಲ್ಲೊಂದು ರೂಲು."

ನಾವೂ ಆ ರೂಲು ತಂದೆವು. ಮರುದಿನ ಹೆಂಡತಿ ಮಗನ ತಲೆ ಸವರಿ, "ಏಳಪ್ಪಾ ನನ್ನ ರಾಜಾ, ಬೆಳಗಾತು," ಎಂದು ಪಿಸುಗುಟ್ಟಿದಳು. ಅವನು ದಡಕ್ಕನೆ ಎದ್ದು ಕೂತು, "ಅಮ್ಮಾ, ಹು ಡೈಡ್?" ಎಂದ.

ಆದರೂ ಛಲ ಬಿಡದೆ ಆ ವಾರವಿಡೀ ಪಿಸುಗುಟ್ಟಿದೆವು. ಗುರುವಾರ ಕಸ ಹಾಕಲು ಕೆಳಗೆ ಹೋದೆ. ಮೈಸೂರಿನವರ ಕಾರು ಗೇಟಿನ ಬಳಿಯೇ ನಿಂತಿತ್ತು. ಗಾಜು ಪೂರ್ತಿ ಏರಿಸಿತ್ತು. ಒಳಗೆ ನಾಲ್ವರ ಬಾಯಿಯೂ ಅಗಲವಾಗಿ ತೆರೆದಿತ್ತು! ತಾಯಿ ಹಿಂದಕ್ಕೆ ತಿರುಗಿ ಟಿಫಿನ್ ಡಬ್ಬಿ ಝಳಪಿಸುತ್ತಿದ್ದರು, ಯಜಮಾನರು ಸ್ಟೀರಿಂಗಿಗೆ ಗುದ್ದುತ್ತಿದ್ದರು. ಸದ್ದು ಮಾತ್ರ ಇಲ್ಲ.

ನನ್ನನ್ನು ಕಂಡವರೇ ಯಜಮಾನರು ಗಾಜನ್ನು ನಾಲ್ಕು ಬೆರಳಿನಷ್ಟು ಇಳಿಸಿದರು. ಒಳಗಿನಿಂದ "ಅದನ್ನ ನಿನ್ನೆ ರಾತ್ರಿ ಹೇಳೋಕೆ ಏನಾಗಿತ್ತೋ ನಿಂಗೆ!" ಎಂಬ ಚೀರಾಟ ಹೊರಬಂತು.

"ಗುಡ್ ಮಾರ್ನಿಂಗ್ ಸಾರ್," ಎಂದರು ಯಜಮಾನರು ಮೆತ್ತಗೆ, ಮತ್ತೆ ಗಾಜು ಏರಿಸಿದರು.

ಪಾಪ, ಅವರು ಸುಳ್ಳೇನೂ ಹೇಳಿರಲಿಲ್ಲ. ರೂಲು ಇದ್ದದ್ದು ಮನೆಯ ಒಳಗೆ.

ಅವ್ವನ ಗಡಿಯಾರ

ಅಷ್ಟರಲ್ಲಿ ಬಾಗಲಕೋಟೆಯಿಂದ ನಮ್ಮ ಅವ್ವ ಬಂದಳು. ಮೂರು ಬೆರಳಿನ ಕಥೆ ಕೇಳಿ, "ಹುಡುಗೂರನ್ನ ನನ್ನ ಕೈಯಾಗ ಕೊಟ್ಟು ನೀವು ನಿಶ್ಚಿಂತಿ ಮಲಕೋರಿ," ಎಂದಳು. ಅವ್ವನ ಕೈಗಡಿಯಾರ ಇನ್ನೂ ಊರಿನ ಸಮಯದಲ್ಲೇ ಓಡುತ್ತಿತ್ತು. ಒಂದೂವರೆ ತಾಸು ಹಿಂದೆ ತಿರುಗಿಸಿಕೋ ಎಂದರೆ, "ಎರಡು ತಿಂಗಳಿಗೆ ಬಂದಾಕಿ ನಾ. ಹೊಳ್ಳಿ ಹೋಗುವಾಗ ಮತ್ತ ಯಾರು ತಿರುವ್ಯಾರು?" ಎಂದಳು.

ಮರುದಿನ ಅವ್ವ ತನ್ನ ಗಡಿಯಾರ ನೋಡಿಕೊಂಡು ಮಕ್ಕಳನ್ನು ಎಬ್ಬಿಸಿದಳು. ಸ್ನಾನ ಮಾಡಿಸಿದಳು, ಉಣ್ಣಿಸಿದಳು, ಮೊಮ್ಮಗಳಿಗೆ ಕಣ್ಣು ಮೇಲೇರುವಷ್ಟು ಬಿಗಿಯಾಗಿ ಜಡೆ ಹಾಕಿದಳು. ಬೂಟು ತೊಡಿಸಿ, ಬ್ಯಾಗು ಹೆಗಲಿಗೇರಿಸಿ, ಇಬ್ಬರನ್ನೂ ಸೋಫಾದ ಮೇಲೆ ಕೂರಿಸಿದಳು. ಹೊರಗೆ ಇನ್ನೂ ಕತ್ತಲು. ಮಸೀದಿಯ ಬಾಂಗು ಕೂಡ ಆಗಿರಲಿಲ್ಲ. ತುಸು ದಣಿವಾರಿಸಿಕೊಳ್ಳೋಣವೆಂದು ತಾನೂ ನಡುವೆ ಕೂತಳು.

ನಾವು ಗಂಡ ಹೆಂಡತಿ ಮನೆಯಲ್ಲಿ ಗದ್ದಲವೇ ಇಲ್ಲದ್ದರಿಂದ ಇನ್ನೂ ಬೆಳಗಾಗಿಲ್ಲವೆಂದು ಮಲಗಿದ್ದೆವು. ಬಾಗಿಲು ದಬದಬ ಬಡಿದ ಸದ್ದಿಗೆ ಎಚ್ಚರವಾಯಿತು. ಲುಂಗಿಯಲ್ಲೇ ಓಡಿ ತೆರೆದರೆ ಚಾಚಾ! ಹಾರ್ನ್ ಹೊಡೆದು ಹೊಡೆದು ಮೆಟ್ಟಿಲು ಹತ್ತಿ ಬಂದಿದ್ದರು. ಒಳಗೆ ಸೋಫಾದ ಮೇಲೆ ಬೂಟು, ಟೈ, ಬ್ಯಾಗು ಸಮೇತ ಇಬ್ಬರು ಮಕ್ಕಳು, ನಡುವೆ ಅವ್ವ. ಮೂವರೂ ಗಾಢ ನಿದ್ದೆಯಲ್ಲಿ.

ನಮ್ಮ ಮಾತಿನ ಸದ್ದಿಗೆ ಅವ್ವ ಎಚ್ಚೆತ್ತಳು. ಮೊದಲು ಗಡಿಯಾರ ನೋಡಿದಳು, ಆಮೇಲೆ ಚಾಚಾನನ್ನು. "ಎಷ್ಟೊತ್ತು ಮಾಡಿ ಬಂದೆಪ್ಪಾ! ಕೂಸುಗಳು ಯಾವಾಗಿಂದ ತಯಾರಾಗಿ ಕುಂತಾವ, ನಿನಗ ಖಬರೈತೇನು?"

ಚಾಚಾಗೆ ಕನ್ನಡ ಬಾರದು, ಆದರೆ ಬೈಗುಳ ಅರ್ಥವಾಯಿತು. "ಮಾಫ್ ಕರೋ ಅಮ್ಮಾ," ಎಂದು ಎದೆಗೆ ಕೈಯಿಟ್ಟು ತಲೆಬಾಗಿದರು. ಮೆಟ್ಟಿಲ ತಿರುವಿನಲ್ಲಿ ಹೊರಳಿ ನಿಂತು ನನಗೆ ಎರಡು ಬೆರಳು ತೋರಿಸಿದರು.

ಕೆಂಪು ಬೀಗ

ಉಳಿದದ್ದು ಒಂದೇ ಬೆರಳು! ಆಗ ನನಗೆ ಕೆಂಪು ಬೀಗ ಹೊಳೆಯಿತು.

ಕಾರ್ಖಾನೆಯಲ್ಲಿ ಯಂತ್ರವನ್ನು ರಿಪೇರಿಗೆ ನಿಲ್ಲಿಸಿದಾಗ ಅದರ ಸ್ವಿಚ್ಚಿಗೆ ಕೆಂಪು ಬೀಗ ಹಾಕುತ್ತೇವೆ. ಹಾಕಿದವನೇ ತೆಗೆಯಬೇಕು, ಮ್ಯಾನೇಜರ್ ಬಂದರೂ ಮುಟ್ಟುವಂತಿಲ್ಲ. ನಮ್ಮ ಮನೆಯ ರೋಗವೂ ನನಗೆ ತಿಳಿದಿತ್ತು. ಸಂಜೆ ಜೋಡಿಸಿಟ್ಟ ವಸ್ತುಗಳು ಬೆಳಗಾಗುವಷ್ಟರಲ್ಲಿ ಮನೆಯೆಲ್ಲ ತಿರುಗಾಡುತ್ತವೆ. ಹಾಗಾಗಿ ಸಂಜೆಯೇ ಬ್ಯಾಗು, ಬೂಟು, ಸಾಕ್ಸ್, ನೀರಿನ ಬಾಟಲಿ ಎಲ್ಲವನ್ನೂ ನಡುಮನೆಯ ಕಪಾಟಿನಲ್ಲಿಟ್ಟು ಕೆಂಪು ಬೀಗ ಜಡಿದೆ. ಬೀಗದ ನಿಯಮವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದೆ. ವ್ಯಾನು ಬರುವ ಹೊತ್ತಿಗೆ ನಾನೇ ತೆಗೆದು ಕೊಡುವುದೆಂದು ಯೋಜನೆ.

ಆದರೆ ಕಾರ್ಖಾನೆಯಲ್ಲಿ ಆ ವಾರ ದೊಡ್ಡ ರಿಪೇರಿ. ಬಸ್ಸು ಬೇಗ ಬಂತು, ನಾನು ಹತ್ತಿಬಿಟ್ಟೆ. ಹೆದ್ದಾರಿಗೆ ಸೇರಿದ ಮೇಲೆ ಫೋನು ಬಂತು.

"ಕೀಲಿ ಎಲ್ಲೈತ್ರಿ?"

"ಜೇಬಿನಾಗ."

"ಯಾರ ಜೇಬಿನಾಗ?"

ನನ್ನ ಪ್ಯಾಂಟಿನ ಜೇಬು ಮುಟ್ಟಿ ನೋಡಿಕೊಂಡೆ, ಕೀಲಿ ಅಲ್ಲೇ ಇತ್ತು. ಆ ಕಡೆಯಿಂದ ಅವ್ವ ಲಟ್ಟಣಿಗೆಯಿಂದ ಬೀಗಕ್ಕೆ ಹೊಡೆಯುವ ಸದ್ದು ಕೇಳಿಸಿತು. ಬಹಳ ಒಳ್ಳೆಯ ಬೀಗ, ನಾನೇ ಆರಿಸಿ ತರಿಸಿದ್ದು. ನಂತರ ಫೋನು ಕಟ್ಟಾಯಿತು.

ಮುಗಿಯಿತು ಎಂದುಕೊಂಡೆ. ಮೂರನೇ ಬೆರಳು, ಖಲಾಸ್. ನಾಳೆಯಿಂದ ಮಕ್ಕಳನ್ನು ಶಾಲೆಗೆ ಒಯ್ಯುವವರು ಯಾರು? ಬಸ್ಸಿಳಿದು ಕಾರ್ಖಾನೆಯ ಗೇಟಿನಲ್ಲೇ ನಿಂತು ಫೋನು ಹಚ್ಚಿದೆ.

"ಹುಡುಗೂರು?"

"ಸಾಲಿಗೆ ಹ್ವಾದ್ರು."

"ಹೆಂಗ?!"

"ಹುಡುಕಾಕ ಏನೂ ಇರ್ಲಿಲ್ಲಲ್ರಿ! ಎಲ್ಲಾ ನಿಮ್ಮ ಕಪಾಟಿನಾಗ. ಬಚ್ಚಲ ಚಪ್ಪಲಿ ಹಾಕ್ಕೊಂಡು, ಡಬ್ಬಿ ಹಿಡಕೊಂಡು ಇಳದುಬಿಟ್ರು. ಚಾಚಾ ಬರೂಕಿಂತ ಮೊದಲ ಗೇಟಿನಾಗ ನಿಂತಿದ್ರು. ಅವರು ಗಡಿಯಾರ ಬಡದು ಬಡದು ನೋಡಿ ಮಾಶಾಅಲ್ಲಾ ಅಂದ್ರು. ಹಿಂದಿನ ಎರಡೂ ಬೆರಳು ಮಾಫ್ ಅಂತ."

ಹಿಗ್ಗು ತಡೆಯಲಾಗದೆ ಗೇಟಿನ ಕಾವಲುಗಾರನ ಕೈ ಕುಲುಕಿದೆ. ಅಷ್ಟರಲ್ಲಿ ಶಾಲೆಯಿಂದ ಟೀಚರ್ ಫೋನು. ಮಗನಿಗೆ ಬ್ಯಾಗು ಎಲ್ಲಿ ಎಂದು ಕೇಳಿದರೆ, "ಲಾಕ್ಡ್, ಮ್ಯಾಮ್. ಓನ್ಲಿ ಅಥರೈಸ್ಡ್ ಪರ್ಸನ್ ಕ್ಯಾನ್ ರಿಮೂವ್," ಎಂದು ಸೆಟೆದು ನಿಂತು ಹೇಳಿದನಂತೆ. "ಆ ಅಥರೈಸ್ಡ್ ಪರ್ಸನ್ ನೀವೇನಾ?" ಎಂದು ಕೇಳಿದರು. ಹೌದೆಂದು ಒಪ್ಪಿಕೊಂಡು ಕ್ಷಮೆ ಕೇಳಿದೆ.

ತಿರುಗಿ ಹೆಂಡತಿಗೆ ಫೋನು ಮಾಡಿ, "ಅರ್ಧ ದಿನ ರಜಾ ಹಾಕಿ ಈಗ್ಲೇ ಕೀಲಿ ತರ್ತೀನಿ," ಎಂದೆ.

ಆ ಕಡೆ ಸೊರ್ರೆಂದು ಏನನ್ನೋ ಗುಟುಕರಿಸಿದ ಸದ್ದು.

"ಏನೂ ಅವಸರಿಲ್ಲ," ಎಂದಳು. "ಹುಡುಗ ಸಾಲಿ ಸೇರಿದ ಮ್ಯಾಲ ಇವತ್ತ ಮೊದಲ್ನೇ ಸಲ ನಾನು ಬಿಸಿ ಚಾ ಕುಡಿಯಾಕ ಹತ್ತೀನಿ. ಕೀಲಿ ಅಲ್ಲೇ ಇರ್ಲಿ."