ನಾಲ್ಕು ಕುರ್ಚಿ ಹಿಡಿದ ಅತ್ತೆ

"ಒಂದೇ ಸಂಜೆ, ಇಪ್ಪತ್ತೇಳು ಕಾರ್ಯಕ್ರಮ, ಎಲ್ಲವೂ ಪುಕ್ಕಟೆ. ಒಂದನ್ನೂ ಬಿಡೋದಿಲ್ಲ!" ಎಂದು ನಿಮಿಷಪ್ಪ ಘೋಷಿಸಿದಾಗ ಅವನ ಹೆಂಡತಿ ಬಟ್ಟೆ ಮಡಿಸುತ್ತಿದ್ದಳು. ತಲೆ ಎತ್ತಲಿಲ್ಲ. ಹನ್ನೊಂದು ವರ್ಷದ ಸಂಸಾರದಲ್ಲಿ ಇಂಥ ಘೋಷಣೆಗಳನ್ನು ಅವಳು ಬೇಕಾದಷ್ಟು ಕೇಳಿದ್ದಳು.

ನಿಮಿಷಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬಸ್ ಡಿಪೋದವರು ಇಟ್ಟದ್ದು. ಬಸ್ಸುಗಳ ವೇಳಾಪಟ್ಟಿ ತಯಾರಿಸುವುದು ಅಲ್ಲಿ ಅವನ ಕೆಲಸ. ಬಸ್ಸುಗಳು ಅದನ್ನು ಎಂದೂ ಲೆಕ್ಕಕ್ಕಿಟ್ಟವಲ್ಲ ಎಂಬುದು ಬೇರೆ ಮಾತು. ಈಗ ನಗರದ ನಡುಭಾಗದಲ್ಲಿ ಒಂದೇ ಸಂಜೆಯ ಕಲಾ ಉತ್ಸವ ಎಂದು ಗೊತ್ತಾದೊಡನೆ ಅವನ ಕೈ ತುರಿಸತೊಡಗಿತು. ಮೂರು ದಿನ ಕೂತು ಪಟ್ಟಿ ಬರೆದ. ಬೊಂಬೆಯಾಟಕ್ಕೆ ನಾಲ್ಕು ನಿಮಿಷ, ಸೇತುವೆಯ ಮೇಲಿನ ಕೊಳಲಿಗೆ ಮೂರು ನಿಮಿಷ, ಮೂಕಾಭಿನಯಕ್ಕೆ ಎರಡೇ ನಿಮಿಷ. ಮಾತೇ ಇಲ್ಲದ್ದಕ್ಕೆ ಹೆಚ್ಚು ಹೊತ್ತು ಯಾಕೆ?

"ಅದೆಲ್ಲ ಇರಲಿ, ಅಮ್ಮ ಈ ಊರಿಗೆ ಹೊಸಬಳು. ದಾರಿ ಗೊತ್ತಿಲ್ಲ, ಮಂಡಿ ನೋವು ಬೇರೆ. ಆ ಜನಜಂಗುಳಿಯಲ್ಲಿ ಏನಾದ್ರೂ ಆದ್ರೆ?" ಎಂದಳು ಹೆಂಡತಿ.

"ನಿಮ್ಮಮ್ಮನ ಜವಾಬ್ದಾರಿ ನನ್ನದು. ಒಂದು ಕೂದಲೂ ಕೊಂಕದ ಹಾಗೆ ಮನೆಗೆ ತಲುಪಿಸ್ತೀನಿ!"

ಅತ್ತೆ ದಪ್ಪ ಕನ್ನಡಕದ ಮೇಲಿಂದ ಅಳಿಯನನ್ನು ಒಮ್ಮೆ ನೋಡಿದರು, ಅಷ್ಟೇ.

ಉತ್ಸವದ ಸಂಜೆ ಆರೂ ನಲವತ್ತಕ್ಕೆ ಮೂವರೂ ಗ್ರಂಥಾಲಯದ ಮುಂದಿನ ಬಯಲಿಗೆ ಬಂದರು. ಎಂಟೂವರೆಗೆ ಆ ಕಟ್ಟಡದ ಗೋಡೆಯ ತುಂಬ ಬೆಳಕಿನ ಚಿತ್ರಗಳು ಓಡಾಡಲಿದ್ದವು. ಉತ್ಸವಕ್ಕೆಲ್ಲ ಕಳಶದಂಥ ಕಾರ್ಯಕ್ರಮ! ಕೂರಲು ಎಲ್ಲಿಯೂ ಜಾಗವಿಲ್ಲ. ಆದರೆ ಮೂಲೆಯ ಮರದ ಕೆಳಗೆ ನಾಲ್ಕು ಕುರ್ಚಿಗಳು ಖಾಲಿ ಇದ್ದವು! ಸುತ್ತ ಕೆಂಪು ಹಗ್ಗ, ಪಕ್ಕದಲ್ಲಿ ಬಟ್ಟೆ ಮುಚ್ಚಿದ ಒಂದು ಫಲಕ.

"ಹಗ್ಗ ಕಟ್ಟಿದಾರಲ್ಲ ರೀ?"

"ಡಿಪೋದಲ್ಲಿ ದಿನಕ್ಕೆ ಹತ್ತು ಹಗ್ಗ ಬಿಚ್ಚೋನು ನಾನು. ಪುಕ್ಕಟೆ ಉತ್ಸವದಲ್ಲಿ ದೊಡ್ಡ ಮನುಷ್ಯರಿಗೆ ಅಂತ ಬೇರೆ ಕುರ್ಚಿ ಇರೋಕಾಗುತ್ತಾ? ಅನ್ಯಾಯ ಅಲ್ವಾ?" ಎನ್ನುತ್ತ ಹಗ್ಗ ಸರಿಸಿ ಅತ್ತೆಯನ್ನು ಕೂರಿಸಿಯೇಬಿಟ್ಟ. ಒಂದು ಕುರ್ಚಿಯ ಮೇಲೆ ಟವೆಲು, ಇನ್ನೊಂದರ ಮೇಲೆ ಕೊಡೆ, ಮತ್ತೊಂದರ ಮೇಲೆ ಚೀಲ. ಬಸ್ಸಿನಲ್ಲಿ ಸೀಟು ಹಿಡಿದು ಪಳಗಿದ ಕೈ!

"ಅತ್ತೆ, ನಾನು ಬರೋವರೆಗೆ ಏಳಬೇಡಿ. ಯಾರು ಬಂದ್ರೂ ಕುರ್ಚಿ ಬಿಡಬೇಡಿ. ನಿಮ್ಮ ಫೋನು ನನ್ನ ಹತ್ರ ಇರಲಿ, ನನ್ನದರ ಬ್ಯಾಟರಿ ಮುಗಿದ್ರೆ ಬೇಕಾಗುತ್ತೆ. ಎಂಟೂ ಹತ್ತಕ್ಕೆ ಇಲ್ಲಿರ್ತೀನಿ."

"ಆಗಲಿ ಅಳಿಯಂದ್ರೇ," ಎಂದರು ಅತ್ತೆ.

ಹೆಂಡತಿ ಹಾಡುಗಾರಿಕೆ ನಡೆಯಲಿದ್ದ ಎದುರಿನ ಅಂಚೆ ಕಚೇರಿಯ ಮೆಟ್ಟಿಲ ಕಡೆ ನಡೆದಳು. "ನಾನು ಹಾಡು ಒಂದನ್ನೇ ಕೇಳ್ತೀನಿ, ಪೂರ್ತಿ ಕೇಳ್ತೀನಿ," ಎಂದಳು. ನಿಮಿಷಪ್ಪನಿಗೆ ಅವಳ ಮೇಲೆ ಕನಿಕರ ಬಂತು. ಅವನು ಓಡಿದ.

ಏನು ನೋಡಿದ ಎಂದು ಕೇಳಬೇಡಿ. ಬೊಂಬೆ ತೆರೆಯ ಮುಂದೆ ಬರುವ ಮೊದಲೇ ಅವನ ನಾಲ್ಕು ನಿಮಿಷ ಮುಗಿದಿತ್ತು. ಸೇತುವೆಗೆ ಹೋದಾಗ ಕೊಳಲಿನವರು ನೀರು ಕುಡಿಯುತ್ತಿದ್ದರು. ಹದಿನೈದು ಕಾರ್ಯಕ್ರಮಗಳ ಮುಂದೆ ಗುರುತು ಹಾಕಿಕೊಂಡು, ಬೆವರು ಒರೆಸಿಕೊಳ್ಳುತ್ತ ಬಯಲಿಗೆ ಮರಳಿದರೆ, ಮರದ ಸುತ್ತ ಜನವೋ ಜನ! ಉದ್ದನೆಯ ಸಾಲು ಬಯಲನ್ನೆಲ್ಲ ಸುತ್ತು ಹಾಕಿತ್ತು. ಕುರ್ಚಿ ಕಾಣಲಿಲ್ಲ, ಕೊಡೆ ಕಾಣಲಿಲ್ಲ, ಅತ್ತೆಯಂತೂ ಕಾಣಲೇ ಇಲ್ಲ.

ಅತ್ತೆಗೆ ಫೋನು ಮಾಡಿದ. ಅವನದೇ ಜೇಬು ರಿಂಗಣಿಸಿತು!

ಅಷ್ಟರಲ್ಲಿ ಹೆಂಡತಿಯ ಕರೆ ಬಂತು. "ರೀ, ಅಮ್ಮ ಎಲ್ಲಿ?"

"ಇಲ್ಲೇ... ನನ್ನ ಪಕ್ಕದಲ್ಲೇ ಕೂತಿದಾರೆ."

"ಹೌದಾ? ಅವಳ ಕೈಗೆ ಕೊಡಿ."

"ಬೇಡ, ಬೇಡ. ಕಲೆಯಲ್ಲಿ ಮುಳುಗಿಹೋಗಿದಾರೆ."

"ಸರಿ," ಎಂದಳು. ಆ 'ಸರಿ' ಕೇಳಿದ್ದೇ ಅವನು ಜನರ ನಡುವೆ ಅತ್ತೆಗಾಗಿ ಕತ್ತು ಚಾಚಿದ. ವಯಸ್ಸಾದ ಹೆಂಗಸು, ಗೊತ್ತಿಲ್ಲದ ಊರು, ಕೈಯಲ್ಲಿ ಫೋನೂ ಇಲ್ಲ. ಅದನ್ನು ಕಿತ್ತುಕೊಂಡವನೂ ತಾನೇ! ಎಲ್ಲಿ ಬಿದ್ದರೋ, ಯಾವ ಬಸ್ಸು ಹತ್ತಿದರೋ! ಬಸ್ಸು ಹತ್ತಿದ್ದರೆ ಅದು ಎಷ್ಟು ಹೊತ್ತಿಗೆ ಎಲ್ಲಿ ಮುಟ್ಟುವುದೆಂದು ವೇಳಾಪಟ್ಟಿ ಬರೆದ ಅವನಿಗೇ ಗೊತ್ತಿರಲಿಲ್ಲ. ಮಾಹಿತಿ ಕೇಂದ್ರಕ್ಕೆ ಓಡಿದ.

"ಹೆಸರು?" ಎಂದಳು ಮೈಕಿನ ಹುಡುಗಿ.

ನಿಮಿಷಪ್ಪ ಬಾಯಿ ತೆರೆದ. ಹೆಸರು ಬರಲಿಲ್ಲ! ಹನ್ನೊಂದು ವರ್ಷ 'ಅತ್ತೆ, ಅತ್ತೆ' ಎಂದದ್ದೇ ಬಂತು. ಆ ಗಾಬರಿಯಲ್ಲಿ ಹೆತ್ತವರು ತನಗೆ ಇಟ್ಟ ಹೆಸರೂ ಮರೆತಂತಾಗಿತ್ತು.

"ಅತ್ತೆ ಅಂತ ಹಾಕಿ. ಬಿಳಿ ಕೂದಲು, ನೀಲಿ ಶಾಲು."

"ಅತ್ತೆಯವರೇ, ಎಲ್ಲಿದ್ದರೂ ಮಾಹಿತಿ ಕೇಂದ್ರಕ್ಕೆ ಬನ್ನಿ. ನಿಮ್ಮ ಅಳಿಯ ಅಳುತ್ತಿದ್ದಾರೆ," ಎಂದು ಊರಿಗೆಲ್ಲ ಕೇಳುವಂತೆ ಸಾರಿದಳು. ಐವರು ಅತ್ತೆಯಂದಿರು ಬಂದರು. ಒಬ್ಬರೂ ಅವನವರಲ್ಲ. ಇಬ್ಬರು ಅವನನ್ನು ಮೇಲಿಂದ ಕೆಳಗೆ ನೋಡಿ, ತಮ್ಮ ಅಳಿಯನೇ ವಾಸಿ ಎಂದುಕೊಂಡು ಹಿಂತಿರುಗಿದರು.

ದಿಕ್ಕು ತೋಚದೆ ಮತ್ತೆ ಬಯಲಿಗೆ ಬಂದ. ಸಾಲಿನಲ್ಲಿದ್ದವನೊಬ್ಬ ಪಕ್ಕದವನಿಗೆ ಹೇಳುತ್ತಿದ್ದ: "ಹಗ್ಗದ ಒಳಗೆ ಒಬ್ಬ ಅಜ್ಜಿ ಕೂತಿದಾರಂತೆ. ಏನು ಅಭಿನಯ ಅಂತೀರಿ! ಅಳಿಯನಿಗೋಸ್ಕರ ಕುರ್ಚಿ ಹಿಡ್ಕೊಂಡು, ಬಂದವರಿಗೆಲ್ಲ ಬಯ್ತಾರಂತೆ!"

ನಿಮಿಷಪ್ಪ ಸಾಲು ಸೀಳಿಕೊಂಡು ನುಗ್ಗಿದ. ಸ್ವಯಂಸೇವಕ ಅಡ್ಡ ಬಂದ. "ಸಾಲಲ್ಲಿ ಬನ್ನಿ ಸಾರ್."

"ನಾನು ಅಳಿಯ ಕಣಯ್ಯಾ!"

"ಅಜ್ಜಿ ಹತ್ರ ಹೋಗೋಕೆ ಎಲ್ಲರೂ ಹಾಗೇ ಅಂತಾರೆ. ಇಲ್ಲಿಗೆ ಮೂವತ್ತೆರಡು ಜನ ಅಳಿಯಂದಿರಾದ್ರು."

ಬೇರೆ ದಾರಿಯಿಲ್ಲದೆ ಸಾಲಿನ ಕೊನೆಗೆ ಹೋಗಿ ನಿಂತ. ಎಂಟೂವರೆಗೆ ಬೆಳಕಿನ ಚಿತ್ರಗಳು ಅವನ ಬೆನ್ನ ಹಿಂದೆಯೇ ಶುರುವಾಗಿ ಬೆನ್ನ ಹಿಂದೆಯೇ ಮುಗಿದವು. ಜನ "ಆಹಾ!" ಎಂದಾಗಲೂ ತಿರುಗಲಿಲ್ಲ. ಅವನ ಕಣ್ಣೆಲ್ಲ ಆ ಮರದ ಮೇಲೆ.

ಕೊನೆಗೂ ಮರದ ಕೆಳಗೆ ತಲುಪಿದ. ಫಲಕದ ಬಟ್ಟೆ ಈಗ ಸರಿದಿತ್ತು. 'ಕಾಯುವಿಕೆ: ನಾಲ್ಕು ಖಾಲಿ ಕುರ್ಚಿಗಳು' ಎಂದಿತ್ತು. ಮಧ್ಯದಲ್ಲಿ ಅತ್ತೆ ಗಟ್ಟಿಯಾಗಿ ಕೂತಿದ್ದರು. ಪಕ್ಕದ ಕುರ್ಚಿಯಲ್ಲಿ ಟವೆಲನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳು ಅವನ ಹೆಂಡತಿ!

"ನೀನು... ಯಾವಾಗ ಬಂದೆ?"

"ಹಾಡು ಏಳೂವರೆಗೇ ಮುಗೀತು. ಫೋನು ಮಾಡಿದ್ದು ಇಲ್ಲಿಂದಲೇ. 'ನನ್ನ ಪಕ್ಕದಲ್ಲೇ ಕೂತಿದಾರೆ' ಅಂದ್ರಲ್ಲ, ನಾನೂ ಅಮ್ಮನೂ ಸುತ್ತ ಮುತ್ತ ನಿಮ್ಮನ್ನ ಹುಡುಕಿದ್ವಿ."

ನಿಮಿಷಪ್ಪನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಅವಮಾನಕ್ಕಲ್ಲ, ಅತ್ತೆ ಸಿಕ್ಕಿದ ನೆಮ್ಮದಿಗೆ. "ಮೈಕಲ್ಲಿ ಕರೆಸಿದೆನಲ್ಲ ಅತ್ತೆ! ಬರಬಾರದಿತ್ತಾ?"

"ಏಳಬೇಡಿ ಅಂದೋರು ನೀವೇ ತಾನೇ? ನೀವು ಹೇಳಿದ ಹೊತ್ತು ಎಂಟೂ ಹತ್ತು. ಈಗ ಒಂಬತ್ತೂ ಐದು," ಎಂದರು ಅತ್ತೆ. ಸುತ್ತಲಿನವರು ಚಪ್ಪಾಳೆ ತಟ್ಟಿದರು. "ಆ ಒಂಬತ್ತನೇ ಅಳಿಯ ನನಗೆ ನೀರು ತಂದುಕೊಟ್ಟ. ಹದಿನೇಳನೆಯವನು ಮಂಡಿ ಹೇಗಿದೆ ಅಂತ ವಿಚಾರಿಸಿದ."

ಅಷ್ಟರಲ್ಲಿ ಕುರ್ಚಿಗಳ ಕಲಾವಿದ ಕೈಮುಗಿದುಕೊಂಡು ಓಡಿಬಂದ. "ಅಮ್ಮಾ, ಖಾಲಿ ಕುರ್ಚಿಗಳಿಗೆ ಜೀವ ಕೊಟ್ರಿ! ಮುಂದಿನ ವರ್ಷವೂ ನೀವೇ ಬರಬೇಕು."

ನಿಮಿಷಪ್ಪನಿಗೆ ಎದೆಯುಬ್ಬಿತು. ಕೂರಿಸಿದವನು ತಾನಲ್ಲವೇ! ಪಟ್ಟಿಯ ಹಿಂಬದಿಯಲ್ಲಿ ಮುಂದಿನ ವರ್ಷದ ತಾರೀಖು ಬರೆದುಕೊಳ್ಳಲು ಪೆನ್ನು ತೆಗೆದ.

ಅತ್ತೆ ಕೊಡೆ ಊರಿಕೊಂಡು ನಿಧಾನವಾಗಿ ಎದ್ದರು. "ಬರ್ತೀನಪ್ಪ, ಅದಕ್ಕೇನು," ಎಂದರು. "ಅಳಿಯನ ಪಾತ್ರಕ್ಕೆ ಮಾತ್ರ ಬೇರೆ ಯಾರನ್ನಾದ್ರೂ ನೋಡಿ."